ಇಪ್ಪತ್ತು ಕಿಲೋ ಚಟಾಕು

"ಹಿಂಗಾಲು ಇನ್ನೂ ನೆಲದ ಮೇಲಿದೆ! ತಳ್ಳಿ ಸಾರ್, ತಳ್ಳಿ!"

ಗುಮಾಸ್ತರು ತಳ್ಳಿದರು. ನಾಯಿಯ ಮುಂಭಾಗ ತೂಕದ ಹಲಗೆಯ ಮೇಲೆ ಗಂಭೀರವಾಗಿ ನಿಂತಿತ್ತು. ಹಿಂಭಾಗ ಮಾತ್ರ ಈ ವ್ಯವಹಾರಕ್ಕೂ ತನಗೂ ಸಂಬಂಧವೇ ಇಲ್ಲ ಎಂಬಂತೆ ನೆಲಕ್ಕೆ ಅಂಟಿಕೊಂಡಿತ್ತು. ಎಡಗಾಲು ಎತ್ತಿಟ್ಟರೆ ಬಲಗಾಲು ಇಳಿಯುತ್ತಿತ್ತು. ಬಲಗಾಲು ಎತ್ತಿಟ್ಟರೆ ಗುಮಾಸ್ತರ ಕನ್ನಡಕ ಇಳಿಯುತ್ತಿತ್ತು. ಕಡೆಗೆ ಅವರು ಮಂಡಿಯೂರಿ, ಎರಡೂ ಕೈಗಳಿಂದ ಅದರ ಹೊಟ್ಟೆಯನ್ನು ತಬ್ಬಿ ಎತ್ತಿದಾಗ ಇಡೀ ನಾಯಿ ಹಲಗೆಯ ಮೇಲೆ ಬಂತು. ಅದೇ ಗಳಿಗೆಯಲ್ಲಿ ಅವರ ಪ್ಯಾಂಟಿನ ಹಿಂಬದಿಯ ಹೊಲಿಗೆ 'ಪರ್' ಎಂದಿತು.

ಮುಳ್ಳು ಅತ್ತಿತ್ತ ಓಲಾಡಿ ನಿಂತಿತು.

"ಹತ್ತೊಂಬತ್ತು ಕಿಲೋ ಒಂಬೈನೂರು!" ಎಂದು ರಿಜಿಸ್ಟರಿನ ಮುಂದೆ ಕೂತಿದ್ದ ಅಜ್ಜ, ರೈಲು ಬಂದದ್ದನ್ನು ಸಾರುವವರ ದನಿಯಲ್ಲಿ ಕೂಗಿದರು. "ಇಪ್ಪತ್ತಕ್ಕೆ ನೂರೇ ಗ್ರಾಂ ಕಡಿಮೆ!"

ಬುಟ್ಟಿಯಲ್ಲಿ ಬೆಕ್ಕಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದ ಟೈಲರ್, ತೂಕಕ್ಕೂ ಹೊಲಿಗೆ ಬಿಟ್ಟ ಸದ್ದಿಗೂ ಸೇರಿಸಿ ಒಂದೇ ಸಲ ತಲೆಯಾಡಿಸಿದ.

"ಸಾಧ್ಯವೇ ಇಲ್ಲ" ಎಂದರು ಗುಮಾಸ್ತರು, ಒಂದು ಕೈಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಳ್ಳುತ್ತ.

ಡಾಕ್ಟರಮ್ಮನ ಮನೆಯ ಮುಂದಿನ ಎರಡು ಕೋಣೆಗಳೇ ಆ ಪ್ರಾಣಿಗಳ ಆಸ್ಪತ್ರೆ. ಒಳಕೋಣೆಯಲ್ಲಿ ಡಾಕ್ಟರಮ್ಮ, ಹೊರಕೋಣೆಯಲ್ಲಿ ಅವರ ಅಪ್ಪ. ಬಂದವರಿಗೆಲ್ಲ ಅವರು ಅಜ್ಜ. ಪ್ರಾಣಿಗೊಂದು ಚೀಟಿ ಎಂಬ ಪದ್ಧತಿ ಅಲ್ಲಿರಲಿಲ್ಲ, ಮನೆಗೊಂದು ಪುಟ. ಮೇಲೆ ಪ್ರಾಣಿಯ ಹೆಸರು, ಕೆಳಗೆ ಮನೆಮಂದಿಯ ವಿವರ: ಊಟ ಹಾಕುವವರು ಯಾರು, ತಿರುಗಾಡಿಸುವವರು ಯಾರು, ಗದರುವವರು ಯಾರು, ಗದರಿದ ಮೇಲೆ ಮುದ್ದು ಮಾಡುವವರು ಯಾರು. ಬೆಕ್ಕಿಗೆ ಇಂಜೆಕ್ಷನ್ ಕೊಡಿಸಲು ಬಂದವರ ಮಂಡಿನೋವನ್ನೂ ಅಜ್ಜ ವಿಚಾರಿಸಿ ಬರೆದುಕೊಳ್ಳುತ್ತಿದ್ದರು. ಮನೆಯಲ್ಲಿ ಒಬ್ಬರಿಗೆ ನೆಮ್ಮದಿಯಿಲ್ಲದಿದ್ದರೆ ಇನ್ನೊಬ್ಬರಿಗೆ ಜ್ವರ ಬರುತ್ತದೆ, ಆ ಇನ್ನೊಬ್ಬರು ಸಾಮಾನ್ಯವಾಗಿ ನಾಯಿಯೇ ಆಗಿರುತ್ತದೆ ಎಂಬುದು ಅಜ್ಜ ಯಾವ ಕಾಲೇಜಿನಲ್ಲೂ ಓದದೆ ಕಲಿತಿದ್ದ ವೈದ್ಯಶಾಸ್ತ್ರ.

ಗುಮಾಸ್ತರ ಪುಟದಲ್ಲಿ ಊಟ ಹಾಕುವವರು 'ನಾನು'. ತಿರುಗಾಡಿಸುವವರು 'ನಾನು'. ಗದರುವವರು 'ನಾನು'. ಕೊನೆಯ ಸಾಲಿನಲ್ಲಿ ಅವರು ತಮ್ಮ ಕೈಯಾರೆ 'ಅನ್ವಯಿಸುವುದಿಲ್ಲ' ಎಂದು ಬರೆದಿದ್ದರು.

ಅವರು ತೂಕ ಮತ್ತು ಅಳತೆ ಇಲಾಖೆಯ ಗುಮಾಸ್ತರು. ಬೀದಿಯವರು ಎದುರಿಗೆ ಸಾರ್ ಅಂತಲೂ ಬೆನ್ನ ಹಿಂದೆ ಗ್ರಾಂ ಸಾಹೇಬ್ರು ಅಂತಲೂ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಅವರು ಒಂದು ತಕ್ಕಡಿಯನ್ನೂ ಮುಟ್ಟಿದವರಲ್ಲ, ತಕ್ಕಡಿಗಳ ಬಗೆಗಿನ ಫೈಲುಗಳನ್ನು ಮಾತ್ರ ಮುಟ್ಟಿದವರು. ಆದರೆ ನಾಲ್ಕು ವರ್ಷದ ಹಿಂದೆ ಇಲಾಖೆ ಜಪ್ತಿ ಮಾಡಿದ್ದ ಹಳೆಯ ಯಂತ್ರಗಳನ್ನು ಹರಾಜು ಹಾಕಿದಾಗ, ಒಂದನ್ನು ಹೊರಿಸಿಕೊಂಡು ಬಂದು ಮನೆಯ ನಡುಕೋಣೆಯಲ್ಲಿ ಸ್ಥಾಪಿಸಿದರು. ಕೆಳಗೆ ನಿಲ್ಲುವ ಹಲಗೆ, ಎದೆಯೆತ್ತರಕ್ಕೆ ಕಬ್ಬಿಣದ ದಂಡ, ದಂಡದ ಮೇಲೆ ಗೆರೆಯಿಂದ ಗೆರೆಗೆ ಜಾರಿಸುವ ಗುಂಡು, ದಂಡದ ತುದಿಯಲ್ಲಿ ತೂಗಾಡುವ ಬಿಲ್ಲೆ. ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮನೆಮಂದಿಯೆಲ್ಲ ಸಾಲಾಗಿ ಅದರ ಮೇಲೆ ಹತ್ತಿ ಇಳಿಯಬೇಕು. ಗುಮಾಸ್ತರು ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಹಾಕುತ್ತಿದ್ದರು.

ನಾಯಿಗೆ ಮಿತಿ ಹದಿನಾಲ್ಕು ಕಿಲೋ ನೂರು ಗ್ರಾಂ. ಮರಿಯಾಗಿ ತಂದಾಗ ಹಳೇ ಕಾಲದ ಚಟಾಕಿನಷ್ಟೂ ಇರಲಿಲ್ಲವೆಂದು ಅದಕ್ಕೆ ಚಟಾಕು ಎಂದು ಹೆಸರಿಟ್ಟಿದ್ದರು. ಮಿತಿ ಮೀರಿ ಎಷ್ಟು ಗ್ರಾಂ ಹೆಚ್ಚಿತೋ ಅಷ್ಟು ಗ್ರಾಂ ಸೋಮವಾರದ ಊಟದಲ್ಲಿ ಖೋತಾ. ಈ ಶಿಸ್ತಿನ ಫಲ ಕಣ್ಣೆದುರಿಗಿತ್ತು: ಎರಡು ವರ್ಷದಿಂದ ಚಟಾಕು ಹದಿನಾಲ್ಕು ನೂರರಿಂದ ಅಲ್ಲಾಡಿರಲಿಲ್ಲ. ಇಲಾಖೆಯ ಉಕ್ಕಿನ ಪೆಟ್ಟಿಗೆಯಲ್ಲಿದ್ದ ಮಾದರಿ ತೂಕದ ಕಲ್ಲುಗಳೂ ಇಷ್ಟು ನಿಷ್ಠೆಯಿಂದ ಇರಲಿಲ್ಲ.

ಗುಮಾಸ್ತರದಂತೂ ಇನ್ನೂ ದೊಡ್ಡ ಸಾಧನೆ. ಎಪ್ಪತ್ತಾರು ಎಂಟುನೂರು ಇದ್ದವರು ಎರಡು ವರ್ಷದಲ್ಲಿ ಎಪ್ಪತ್ತೊಂದಕ್ಕೆ ಇಳಿದಿದ್ದರು. ಆಫೀಸಿನ ಮೂರನೇ ಮಹಡಿಗೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದ್ದೇ ಕಾರಣವೆಂದು ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದರು. ಕೇಳುವವರು ಲಿಫ್ಟಿನೊಳಗೆ ನಿಂತು ಬಾಗಿಲು ಮುಚ್ಚುವವರೆಗೆ ಕೇಳುತ್ತಿದ್ದರು. ಒಂದೇ ಒಂದು ಅಡಚಣೆ ಎಂದರೆ ಪ್ಯಾಂಟುಗಳು ಸಡಿಲವಾಗುತ್ತಿರಲಿಲ್ಲ. ಅದು ಪಕ್ಕದ ಮನೆಯ ಟೈಲರನ ತಪ್ಪು. "ನಿನ್ನ ಟೇಪು ಸುಳ್ಳು ಹೇಳ್ತಿದೆ, ಒಂದು ದಿನ ಜಪ್ತಿ ಮಾಡಿಸ್ತೀನಿ" ಎಂದು ಗುಮಾಸ್ತರು ಮೂರು ಸಲ ಎಚ್ಚರಿಸಿದ್ದರು. "ಟೇಪಿಗೆ ಬಾಯಿಲ್ಲ ಸಾರ್, ಅದು ಸುಳ್ಳು ಹೇಳಲ್ಲ" ಎಂದು ಟೈಲರ್ ಮೂರು ಸಲವೂ ಉತ್ತರಿಸಿದ್ದ.

ಈಗ ಚಟಾಕು ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತದೆ ಎಂದು ಇಲ್ಲಿಗೆ ಕರೆತಂದರೆ, ಹತ್ತೊಂಬತ್ತು ಒಂಬೈನೂರು!

ಡಾಕ್ಟರಮ್ಮ ನಾಯಿಯನ್ನು ಮೇಜಿನ ಮೇಲೆ ಮಲಗಿಸಿ ಹೊಟ್ಟೆ ಒತ್ತಿ ನೋಡಿದರು. ಚಟಾಕು ಕಣ್ಣು ಮುಚ್ಚಿ ಸುಖಪಟ್ಟಿತು.

"ಕೈಗೇನೋ ಬರೀ ಬೊಜ್ಜು ಅನ್ನಿಸುತ್ತೆ."

"ಬೊಜ್ಜಾ? ನಮ್ಮನೇಲಾ?" ಗುಮಾಸ್ತರು ನೋಟ್‌ಬುಕ್ಕನ್ನು ಮೇಜಿನ ಮೇಲೆ, ನಾಯಿಯ ಮೂಗಿಗೆ ತಾಗುವಂತೆ ಹರವಿದರು. "ನೋಡಿ ಮೇಡಂ. ಹೋದ ಭಾನುವಾರ ಹದಿನಾಲ್ಕು ನೂರು. ಅದರ ಹಿಂದಿನ ಭಾನುವಾರ ಹದಿನಾಲ್ಕು ನೂರು. ಅದರ ಹಿಂದಿನ…"

"ನಿಮ್ಮನೆ ತಕ್ಕಡಿ ಸರಿಯಿದೆ ತಾನೆ?"

ಒಳಕೋಣೆಯ ಫ್ಯಾನು ಕೂಡ ಒಂದು ಸುತ್ತು ತಪ್ಪಿದಂತಾಯಿತು.

"ಮೇಡಂ, ನಾನು ಯಾವ ಇಲಾಖೆ ಗೊತ್ತಾ?"

"ಗೊತ್ತು. ಅಪ್ಪ ಪುಟದಲ್ಲಿ ಮೂರು ಸಲ ಬರ್ದಿದ್ದಾರೆ. ಮೂರು ಸಲಾನೂ ನೀವೇ ಬರೆಸಿದ್ದಂತೆ."

"ಆ ಯಂತ್ರ ತಪ್ಪೋದಕ್ಕೆ ಸಾಧ್ಯವೇ ಇಲ್ಲ."

ಡಾಕ್ಟರಮ್ಮ ನಾಯಿಯ ಕಿವಿಯನ್ನು ಸವರಿದರು. "ಹಾಗಾದ್ರೆ ಕಷ್ಟ ಸಾರ್. ಭಾನುವಾರದಿಂದ ಗುರುವಾರಕ್ಕೆ ಆರು ಕಿಲೋ ಬೊಜ್ಜು ಯಾರಿಗೂ ಬರಲ್ಲ. ನಿಮ್ಮ ಪುಸ್ತಕ ನಿಜ ಆದ್ರೆ ನನ್ನ ಕೈ ಸುಳ್ಳು, ಒಳಗೆ ಬೇರೇನೋ ಇದೆ. ನೀರು ತುಂಬಿರಬಹುದು. ಗಡ್ಡೆ ಇರಬಹುದು. ದೊಡ್ಡಾಸ್ಪತ್ರೆಗೆ ಕಾಗದ ಬರೆದಿಟ್ಟಿರ್ತೀನಿ. ಶನಿವಾರ ಬೆಳಿಗ್ಗೆ ಕರ್ಕೊಂಡೋಗಿ. ಹೊಟ್ಟೆ ಕೊಯ್ದು ನೋಡ್ಬೇಕು ಅನ್ನಬಹುದು. ಅದಕ್ಕೆ ಮೊದಲು ಮನೆಯವರನ್ನೆಲ್ಲ ಒಂದ್ಸಲ ಇಲ್ಲಿಗೆ ಕರ್ಕೊಂಡು ಬನ್ನಿ. ಅವರನ್ನೂ ಮಾತಾಡಿಸ್ಬೇಕು."

ಮನೆಯ ದಾರಿ ಹಿಡಿದಾಗ ಗುಮಾಸ್ತರ ಎದುರು ಎರಡೇ ಬಾಗಿಲಿದ್ದವು. ಪುಸ್ತಕ ನಿಜವೆಂದರೆ ನಾಯಿಯ ಹೊಟ್ಟೆ ಕೊಯ್ಯಬೇಕು. ಪುಸ್ತಕ ಸುಳ್ಳೆಂದರೆ ನಾಯಿಯ ಹೊಟ್ಟೆ ಉಳಿಯುತ್ತದೆ, ಇಪ್ಪತ್ತೆರಡು ವರ್ಷದ ಮರ್ಯಾದೆ ಹೋಗುತ್ತದೆ. ನಾಯಿ ಏದುಸಿರು ಬಿಡುತ್ತ ಪ್ರತಿ ಕಂಬದ ಬಳಿ ಕೂರುತ್ತಿತ್ತು. ಅವರೂ ನಿಲ್ಲುತ್ತಿದ್ದರು. ಏಳನೆಯ ಕಂಬದ ಬಳಿ ಮೂರನೆಯ ಬಾಗಿಲು ಕಾಣಿಸಿತು: ಆಸ್ಪತ್ರೆಯ ತಕ್ಕಡಿಯೇ ಸುಳ್ಳು!

ಆ ಬಾಗಿಲು ಕಂಡೊಡನೆ ಅವರ ಎದೆ ಎಷ್ಟು ಹಗುರವಾಯಿತೆಂದರೆ, ನಾಯಿಯನ್ನು ಎತ್ತಿಕೊಂಡೇ ನಡೆಯಲು ನೋಡಿದರು. ಹೊಲಿಗೆ ಇನ್ನಷ್ಟು ಬಿಟ್ಟಿತು.

ಆದರೆ ಅವರಿಗಿಂತ ಮೊದಲು ಟೈಲರ್ ಬೀದಿ ತಲುಪಿದ್ದ. ಗಡ್ಡೆ ಎಂಬ ಮಾತು ಬೆಕ್ಕಿನ ಬುಟ್ಟಿಯ ಜೊತೆಯಲ್ಲೇ ಬಂದು, ಎದುರುಮನೆಯಲ್ಲಿ ಎರಡು ಗಡ್ಡೆಯಾಗಿ, ಮೂಲೆಮನೆಯಲ್ಲಿ ಫುಟ್‌ಬಾಲಿನಷ್ಟಾಗಿ, ಗುಮಾಸ್ತರ ಮನೆಗೆ ಬರುವ ಹೊತ್ತಿಗೆ ಇನ್ನು ನಾಲ್ಕೇ ದಿನ ಎಂಬಲ್ಲಿಗೆ ಮುಟ್ಟಿತ್ತು. ಹೆಂಡತಿ ಬಾಗಿಲಲ್ಲೇ ಅಳುತ್ತ ನಿಂತಿದ್ದರು. ಏಳನೇ ಕ್ಲಾಸಿನ ಮಗಳು ನಾಯಿಯನ್ನು ಎಳೆದುಕೊಂಡು ಊಟದ ಮೇಜಿನ ಕೆಳಗೆ ಸೇರಿ, "ಇವನನ್ನ ಕೊಯ್ಯೋದಾದ್ರೆ ನನ್ನನ್ನೂ ಕೊಯ್ಯಿರಿ" ಎಂದು ಘೋಷಿಸಿದಳು.

ಗೋಡೆಗೊರಗಿ ಕೂತಿದ್ದ ಅತ್ತೆ ಮಾತ್ರ ಅಳಲಿಲ್ಲ. ಹೆಂಡತಿಯ ತಾಯಿ, ಹತ್ತು ವರ್ಷದಿಂದ ಮಗಳ ಮನೆಯಲ್ಲೇ ಇದ್ದವರು. ಅವರ ಮುಖ ಸುಣ್ಣದಂತಾಗಿತ್ತು.

"ಅಳಿಯಂದ್ರೇ, ಒಂದು ವೇಳೆ ನಮ್ಮ ತಕ್ಕಡೀನೇ…"

"ಅತ್ತೆ, ಭೂಮಿ ತಪ್ಪಿ ತಿರುಗಬಹುದು. ನಮ್ಮ ತಕ್ಕಡಿ ತಪ್ಪಲ್ಲ."

"ಅಲ್ಲಾ, ನಾನು ಹೇಳೋದು ಏನಂದ್ರೆ…"

"ನೋಡ್ತಿರಿ!" ಗುಮಾಸ್ತರು ಮೇಜಿನ ಕೆಳಗಿಂದ ನಾಯಿಯನ್ನು ಎಳೆದರು. ನಾಯಿಯ ಜೊತೆ ಮಗಳೂ ಬಂದಳು. ಮಗಳನ್ನು ಬಿಡಿಸಿ ನಾಯಿಯನ್ನು ಹತ್ತಿಸಿದರು. ದಂಡ ನೆಟ್ಟಗಾಯಿತು. ಹದಿನಾಲ್ಕು ಕಿಲೋ ನೂರು ಗ್ರಾಂ, ಒಂದು ಕೂದಲೂ ಹೆಚ್ಚಿಲ್ಲ.

"ಕಂಡ್ರಾ? ಗಡ್ಡೆಯೂ ಇಲ್ಲ, ಗಿಡ್ಡೆಯೂ ಇಲ್ಲ! ಆಸ್ಪತ್ರೆ ತಕ್ಕಡಿ ದಗಲ್ಬಾಜಿ! ನಾಳೇನೇ ದೂರು ಕೊಡ್ತೀನಿ, ಮುದ್ರೆ ಹಾಕಿಸ್ತೀನಿ!"

ಹೆಂಡತಿ ಕಣ್ಣೊರೆಸಿಕೊಂಡು ನಕ್ಕರು. ಮಗಳು ಕುಣಿದಳು. ಅತ್ತೆ ಬಾಯಿ ತೆರೆದರು, ಮುಚ್ಚಿದರು, ಇನ್ನೊಮ್ಮೆ ತೆರೆದರು. ಮುದ್ರೆ ಎಂಬ ಮಾತು ಕೇಳಿದ ಮೇಲೆ ಬಾಯಿಗೆ ತಾವೇ ಬೀಗ ಹಾಕಿಕೊಂಡು ಎದ್ದು ಒಳಗೆ ಹೋದರು.

ಶುಕ್ರವಾರ ಬೆಳಿಗ್ಗೆ ಗುಮಾಸ್ತರು ಬರೆದ ದೂರು ಎರಡು ಪುಟವಿತ್ತು. 'ಸದರಿ ಆಸ್ಪತ್ರೆಯ ಸದರಿ ಯಂತ್ರವು ಸದರಿ ನಾಯಿಯನ್ನು ಸುಮಾರು ಆರು ಕಿಲೋಗ್ರಾಂಗಳಷ್ಟು ಉಬ್ಬಿಸಿ ತೋರಿಸಿದ್ದು, ಇದರಿಂದ ಅರ್ಜಿದಾರರ ಕುಟುಂಬವು ಅಳುವಂತಾಗಿದ್ದು' ಎಂಬಲ್ಲಿ ಅವರೇ ಪೆನ್ನಿಟ್ಟು ಕನ್ನಡಕ ಒರೆಸಿಕೊಂಡರು. ಅದನ್ನು ಇನ್ಸ್‌ಪೆಕ್ಟರ್ ಸಾಹೇಬರ ಮೇಜಿನ ಮೇಲಿಟ್ಟರು.

ಈ ಸಾಹೇಬರ ಬಗ್ಗೆ ಒಂದು ಮಾತು. ಹನ್ನೊಂದು ವರ್ಷದಿಂದ ಯಾವ ಫೈಲು ಬಂದರೂ ಅವರು ಹೇಳುತ್ತಿದ್ದದ್ದು ಒಂದೇ: "ಇರಲಿ, ನೋಡೋಣ." ಹಾಗೆ ಇದ್ದ ಫೈಲುಗಳ ಮೇಲೆ ಈಗ ಅವರು ಟಿಫಿನ್ ಡಬ್ಬಿ ಇಡುತ್ತಿದ್ದರು. ಗುಮಾಸ್ತರು ದೂರು ಕೊಟ್ಟದ್ದೂ ಈ ಭರವಸೆಯ ಮೇಲೆಯೇ: ದೂರು ಕೊಟ್ಟ ಸಮಾಧಾನವೂ ಸಿಗಬೇಕು, ಏನೂ ಆಗಲೂಬಾರದು.

ಸಾಹೇಬರು ದೂರನ್ನು ಓದಿದರು. ಗೋಡೆಯ ಕ್ಯಾಲೆಂಡರ್ ನೋಡಿದರು. ಎದ್ದು ನಿಂತರು. ಅವರು ನಿಂತದ್ದನ್ನು ಕಂಡು ಟೈಪಿಸ್ಟ್ ಹೆಂಗಸು ಗಾಬರಿಯಿಂದ ತಾನೂ ನಿಂತಳು.

"ಇವತ್ತು ಮೂವತ್ತೊಂದು. ತಿಂಗಳಿಗೆ ಒಂದಾದರೂ ದೂರು ತನಿಖೆ ಮಾಡ್ಬೇಕು ಅಂತ ಮೇಲಿಂದ ಸುತ್ತೋಲೆ ಬಂದಿದೆ. ಈ ತಿಂಗಳು ನನ್ನ ಲೆಕ್ಕದಲ್ಲಿ ಸೊನ್ನೆ. ದೇವರು ಬಂದಂಗೆ ಬಂದ್ರಿ ನೋಡಿ! ಸಂಜೆ ಆರಕ್ಕೆ ನಾನೇ ಹೋಗ್ತೀನಿ. ಮನೆ ತೂಕಕ್ಕೆ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ನೀವೂ ಅಲ್ಲಿಗೆ ತನ್ನಿ."

"ಸಾರ್, ಅಂಥ ಅವಸರವೇನಿಲ್ಲ, ಇರಲಿ, ನೋಡೋಣ…"

"ಏನ್ರೀ ಹಾಗಂದ್ರೆ? ಈ ಸೋಮಾರಿತನ ನನಗೆ ಆಗಲ್ಲ!"

ಇತ್ತ ಮನೆಯಲ್ಲಿ ಅದೇ ಮಧ್ಯಾಹ್ನ, ಮಗಳು ಸ್ಕೂಲಿಗೂ ತಾಯಿ ಅಂಗಡಿಗೂ ಹೋಗಿದ್ದಾಗ, ಅತ್ತೆ ನಡುಕೋಣೆಯ ಯಂತ್ರದ ಬಳಿ ಹೋದರು. ದಂಡದ ತುದಿಯ ಬಿಲ್ಲೆಯ ಕೆಳಗೆ ಕೈಹಾಕಿ ಏನನ್ನೋ ಕಿತ್ತು ಸೆರಗಿಗೆ ಗಂಟು ಹಾಕಿಕೊಂಡರು. ಮೇಜಿನ ಕೆಳಗಿಂದ ಚಟಾಕು ನೋಡುತ್ತಿತ್ತು. "ಸುಮ್ನಿರು" ಎಂದರು ಅತ್ತೆ. ಅದು ಸುಮ್ಮನಿತ್ತು.

ಸಂಜೆ ಐದೂವರೆಗೆ ಸಾಕ್ಷಿಗಳು ಬಂದರು. ಒಬ್ಬ ಟೈಲರ್, ಇನ್ನೊಬ್ಬರು ಎದುರುಮನೆಯ ಸಂಗೀತದ ಮೇಷ್ಟ್ರು. ಸಾಕ್ಷಿಯಲ್ಲದವರು ಕಿಟಕಿಯಲ್ಲಿ ನಿಂತರು. ಗುಮಾಸ್ತರು ತೋಳು ಮಡಿಸಿ, ಕೆಮ್ಮಿ, ನಾಯಿಯನ್ನು ಹತ್ತಿಸಿದರು. ಗುಂಡನ್ನು ಹದಿನಾಲ್ಕರ ಗೆರೆಗೆ ತಂದರು. ದಂಡ ಮೇಲಕ್ಕೆ ಬಡಿದುಕೊಂಡಿತು. ಹದಿನೈದಕ್ಕೆ ಸರಿಸಿದರು, ಜಗ್ಗಲಿಲ್ಲ. ಹದಿನೇಳು. ಹದಿನೆಂಟು.

"ಇನ್ನೂ ಸರಿಸಿ ಸಾರ್" ಎಂದ ಟೈಲರ್, ಕಣ್ಣು ಮಿಟುಕಿಸದೆ.

ಹತ್ತೊಂಬತ್ತು ಒಂಬೈನೂರಕ್ಕೆ ದಂಡ ನೆಟ್ಟಗೆ ನಿಂತಿತು.

ಕೋಣೆಯಲ್ಲಿ ಉಸಿರಾಡುತ್ತಿದ್ದದ್ದು ನಾಯಿ ಒಂದೇ.

"ನಿನ್ನೆ ಸಂಜೆ ಹದಿನಾಲ್ಕು ನೂರು ಇತ್ತು" ಎಂದರು ಗುಮಾಸ್ತರು. "ಒಂದು ದಿನಕ್ಕೆ… ಒಂದೇ ದಿನಕ್ಕೆ ಆರು ಕಿಲೋ…"

ಯಾವ ಮಾಮೂಲಿ ಮನುಷ್ಯನಾದರೂ ಇಲ್ಲಿ ತಕ್ಕಡಿಯನ್ನು ಅನುಮಾನಿಸುತ್ತಿದ್ದ. ಗುಮಾಸ್ತರಿಗೆ ಅದು ಹೊಳೆಯಲೇ ಇಲ್ಲ. ತಕ್ಕಡಿ ನಿನ್ನೆಯೂ ನಿಜ, ಇಂದೂ ನಿಜ. ಹಾಗಾದರೆ ನಡುವೆ ನಾಯಿಯೊಳಗೆ ಏನೋ ಗಂಟೆಗಂಟೆಗೂ ಬೆಳೆಯುತ್ತಿದೆ!

"ಅಳಿಯಂದ್ರೇ, ನನ್ನ ಮಾತು ಕೇಳಿ…" ಎಂದರು ಅತ್ತೆ.

"ಮಾತಿಗೆ ಹೊತ್ತಿಲ್ಲ ಅತ್ತೆ! ಆಟೋ ಕರೀರಿ! ನಾಳೆ ಬೆಳಿಗ್ಗೆವರೆಗೂ ಕಾದ್ರೆ ಇವನು ಬಾಗಿಲಲ್ಲೇ ಹಿಡಿಸಲ್ಲ!"

ಆಟೋದಲ್ಲಿ ಹಿಂದೆ ಗುಮಾಸ್ತರು, ಹೆಂಡತಿ, ಅತ್ತೆ. ಅವರ ತೊಡೆಗಳ ಮೇಲೆ ಉದ್ದಕ್ಕೆ ನಾಯಿ. ನಾಯಿಯ ಮೇಲೆ ಮಗಳು. ಡ್ರೈವರನ ಪಕ್ಕಕ್ಕೆ, ಕರೆಯದಿದ್ದರೂ, ಟೈಲರ್. ಗುಮಾಸ್ತರು ದಾರಿಯುದ್ದಕ್ಕೂ ನಾಯಿಯ ತಲೆ ಸವರುತ್ತ, "ನಿನಗೆ ಸೋಮವಾರ ಊಟ ಕಡಿಮೆ ಹಾಕಿದ್ದು ನಾನೇ ಕಣೋ. ಎರಡು ವರ್ಷದ ಹಿಂದೆ ಒಂದೇ ಒಂದ್ಸಲ. ಹೊಟ್ಟೆಗೆ ಹಾಕ್ಕೋ" ಎಂದರು. ಹೊಟ್ಟೆಗೆ ಏನನ್ನು ಹಾಕಿಕೊಳ್ಳಲೂ ಎಂದೂ ಹಿಂಜರಿಯದ ಚಟಾಕು ಅವರ ಕೈ ನೆಕ್ಕಿತು. ಗುಮಾಸ್ತರ ಕಣ್ಣಲ್ಲಿ ನೀರು ಬಂತು. ಅದನ್ನು ಮಗಳು ನೋಡಿದಳು, ಹೆಂಡತಿ ನೋಡಿದರು. ಅತ್ತೆ ನೋಡಲಾರದೆ ರಸ್ತೆಯ ಕಡೆ ತಿರುಗಿದರು.

ಆಸ್ಪತ್ರೆಯ ಹೊರಕೋಣೆಯಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ಮಂಡಿಯೂರಿ ಕೂತಿದ್ದರು. ತೂಕದ ಯಂತ್ರಕ್ಕೆ ತಂತಿ ಸುತ್ತಿ ಸೀಸದ ಮುದ್ರೆ ಬಿಗಿದಾಗಿತ್ತು. ಪಕ್ಕದಲ್ಲಿ ತೆರೆದ ಪೆಟ್ಟಿಗೆ, ಅದರೊಳಗೆ ಮಾದರಿ ತೂಕದ ಕಲ್ಲುಗಳು. ಅಜ್ಜ ಅವರ ಪಕ್ಕ ಸ್ಟೂಲು ಹಾಕಿಕೊಂಡು ಅವರ ಬೆನ್ನುನೋವಿನ ವಿಚಾರ ಬರೆದುಕೊಳ್ಳುತ್ತಿದ್ದರು.

"ಮೇಡಂ! ಬೆಳೀತಿದೆ! ಗಂಟೆಗಂಟೆಗೂ ಬೆಳೀತಿದೆ!" ಗುಮಾಸ್ತರು ನಾಯಿಯನ್ನು ಅಪ್ಪಿಕೊಂಡು ಒಳಗೆ ಬಂದರು. "ತೂಕ ನೋಡಿ, ಬೇಗ!"

"ನೋಡೋದು ಹೇಗೆ?" ಎಂದರು ಡಾಕ್ಟರಮ್ಮ. "ನೀವೇ ಮುದ್ರೆ ಹಾಕ್ಸಿದ್ದೀರಿ. ಈಗ ತಾನೇ ಔಷಧಿಗೆ ಬಂದ ಮೊಲವನ್ನ ದಿನಸಿ ಅಂಗಡಿಗೆ ಕಳಿಸಿ ತೂಗಿಸ್ಕೊಂಡು ಬಂದ್ವಿ."

"ಸಾರ್, ದೂರು ವಾಪಸ್! ಯಂತ್ರ ಸರಿಯಾಗಿದೆ ಸಾರ್!"

"ಅದನ್ನ ಹೇಳೋಕೆ ನೀವ್ಯಾರು?" ಸಾಹೇಬರು ತಲೆಯೆತ್ತಲಿಲ್ಲ. "ಪರೀಕ್ಷೆ ಮುಗೀಲಿ."

"ಸಾರ್, ಜೀವದ ಪ್ರಶ್ನೆ!"

"ನನಗೂ ತಿಂಗಳ ಕೊನೆ."

ಮುದ್ರೆ ಬಿಚ್ಚಿದರು. ಐದರ ಕಲ್ಲಿಟ್ಟರು, ಐದು. ಹತ್ತರದಿಟ್ಟರು, ಹತ್ತು. ಇಪ್ಪತ್ತರದನ್ನು ಗುಮಾಸ್ತರೇ ಹೊತ್ತಿಟ್ಟರು, ಇಪ್ಪತ್ತು. ಸಾಹೇಬರು ನಿರಾಶೆಯಿಂದ ಎದ್ದು ಮೊಣಕಾಲು ಕೊಡವಿಕೊಂಡರು. "ಯಂತ್ರದಲ್ಲಿ ಗ್ರಾಂ ದೋಷವಿಲ್ಲ. ಹಾಗಾದ್ರೆ ದೂರು ಸುಳ್ಳು. ನಿಮ್ಮನೆ ತಕ್ಕಡಿ ಇದೆಯಲ್ಲ, ನಾಯಿ ಹತ್ತಿಸೋ ಮೊದಲು ಖಾಲಿ ಹಲಗೆಗೆ ದಂಡ ಸಮ ನಿಲ್ಲುತ್ತಾ ಅಂತ ನೋಡಿದ್ರಾ?"

"ಖಾಲಿ ಹಲಗೆಗಾ?"

"ಸೊನ್ನೆ ಕಣ್ರೀ, ಸೊನ್ನೆ! ಇಪ್ಪತ್ತೆರಡು ವರ್ಷ ಸರ್ವಿಸು! ಸೊನ್ನೆ ನೋಡಿದ್ರಾ?"

"ಖಾಲಿ ಹಲಗೇಲಿ ನೋಡೋದು ಏನಿರುತ್ತೆ ಸಾರ್?" ಎಂದರು ಗುಮಾಸ್ತರು, ಪ್ರಾಮಾಣಿಕವಾಗಿ.

ಡಾಕ್ಟರಮ್ಮ ಬರೆದಿಟ್ಟಿದ್ದ ದೊಡ್ಡಾಸ್ಪತ್ರೆಯ ಕಾಗದವನ್ನು ಕೈಗೆತ್ತಿಕೊಂಡರು. ಮಗಳು ಅದನ್ನು ನೋಡಿ ನಾಯಿಯ ಕುತ್ತಿಗೆಯನ್ನು ಇನ್ನೂ ಬಿಗಿಯಾಗಿ ತಬ್ಬಿದಳು. ಆಗ ಅತ್ತೆ ಗುಮಾಸ್ತರನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದು, ಸೆರಗಿನ ಗಂಟು ಬಿಚ್ಚಿ, ಬೂದುಬಣ್ಣದ ಉಂಡೆಯೊಂದನ್ನು ಮೇಜಿನ ಮೇಲಿಟ್ಟರು.

"ತಗೋಮ್ಮ ಡಾಕ್ಟ್ರೇ. ಗಡ್ಡೆ ಇದು. ನಾಯಿ ಹೊಟ್ಟೇಲಿಲ್ಲ."

ಎಲ್ಲರೂ ಬಗ್ಗಿ ನೋಡಿದರು. ಮೇಣ. ಕರೆಂಟು ಹೋದಾಗ ಹಚ್ಚುವ ಮೇಣದ ಬತ್ತಿಗಳ ತುಂಡುಗಳನ್ನು ಕಲಸಿ, ಒತ್ತಿ, ಮೇಲೆ ಮಸಿ ಸವರಿದ ಮೇಣ.

"ಎರಡು ವರ್ಷದ ಹಿಂದೆ ಇವನು ಇನ್ನೂರು ಗ್ರಾಂ ಜಾಸ್ತಿ ಆದ ಅಂತ ಸೋಮವಾರ ಊಟ ಕಡಿಮೆ ಹಾಕಿದ್ರಿ, ಅಳಿಯಂದ್ರೇ. ದಿನವಿಡೀ ಖಾಲಿ ತಟ್ಟೆ ಬಾಯಲ್ಲಿ ಕಚ್ಕೊಂಡು ನನ್ನ ಮುಂದೆ ಕೂತಿದ್ದ. ನಾನು ಹೆತ್ತವಳು ಕಣಪ್ಪ, ಎಷ್ಟೂಂತ ನೋಡ್ಲಿ? ಮುಂದಿನ ಶನಿವಾರ ಬಿಲ್ಲೆ ಕೆಳಗೆ ಒಂದು ಚಿಟಿಕೆ ಮೇಣ ಒತ್ತಿದೆ. ಅವನು ಬೆಳೆದಂಗೆಲ್ಲ ಮೇಣಾನೂ ಬೆಳೀತು. ಇವತ್ತು ಮಧ್ಯಾಹ್ನ ಕಿತ್ತೆ."

ಸಾಹೇಬರು ಪೆಟ್ಟಿಗೆಯಿಂದ ಪುಟ್ಟ ತಕ್ಕಡಿ ತೆಗೆದು ಉಂಡೆಯನ್ನು ತೂಗಿದರು. ಅವರ ಮುಖದಲ್ಲಿ ಹನ್ನೊಂದು ವರ್ಷದಲ್ಲಿ ಯಾರೂ ಕಾಣದ ಕಳೆ ಬಂತು.

"ಐವತ್ತೆಂಟು ಗ್ರಾಂ! ಅಂಥ ಯಂತ್ರಕ್ಕೆ ಬಿಲ್ಲೆ ಮೇಲೆ ಒಂದು ಗ್ರಾಂ ಅಂದ್ರೆ ಹಲಗೆ ಮೇಲೆ ನೂರು ಗ್ರಾಂ. ಐವತ್ತೆಂಟಕ್ಕೆ ಐದು ಕಿಲೋ ಎಂಟುನೂರು. ಹದಿನಾಲ್ಕು ನೂರಕ್ಕೆ ಸೇರ್ಸಿ!"

"ಹತ್ತೊಂಬತ್ತು ಒಂಬೈನೂರು!" ಅಜ್ಜ ಕೂಗಿದರು. "ಹಳೇ ಲೆಕ್ಕದಲ್ಲಿ ಐವತ್ತೆಂಟು ಗ್ರಾಂ ಅಂದ್ರೆ ಸರಿಯಾಗಿ ಒಂದು ಚಟಾಕು!"

ತನ್ನ ಹೆಸರು ಕೇಳಿ ನಾಯಿ ಬಾಲ ಅಲ್ಲಾಡಿಸಿತು.

"ತಾಯಿ, ಈ ವಿದ್ಯೆ ಎಲ್ಲಿ ಕಲಿತ್ರಿ?" ಸಾಹೇಬರು ದನಿ ತಗ್ಗಿಸಿ ಕೇಳಿದರು.

"ನಮ್ಮ ಯಜಮಾನರದ್ದು ಹಳೇ ಪೇಪರ್ ಅಂಗಡಿ. ತಕ್ಕಡಿ ಹಿಂದೆ ಮೂವತ್ತು ವರ್ಷ ನಾನೇ ಕೂತಿದ್ದೆ. ಮಾರೋವಾಗ ಯಾರಿಗೂ ಮೋಸ ಮಾಡ್ಲಿಲ್ಲ."

"ಕೊಳ್ಳೋವಾಗ?"

ಅತ್ತೆ ಫ್ಯಾನಿನ ಕಡೆ ನೋಡಿದರು. "ಅಂಗಡಿ ಮುಚ್ಚಿ ಹತ್ತು ವರ್ಷ ಆಯ್ತಪ್ಪ."

"ನಮ್ಮನೆ ಪೇಪರೆಲ್ಲ ನಿಮ್ಮಲ್ಲಿಗೇ ಹಾಕ್ತಿದ್ವಿ ಅನ್ಸುತ್ತೆ" ಎಂದರು ಸಾಹೇಬರು, ದೂರದ ಏನನ್ನೋ ನೆನೆಯುತ್ತ.

ಗುಮಾಸ್ತರು ಇದೊಂದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅವರು ಡಾಕ್ಟರಮ್ಮನ ಮುಖವನ್ನೇ ನೋಡುತ್ತಿದ್ದರು. "ಅಂದ್ರೆ ಮೇಡಂ… ಗಡ್ಡೆ?"

"ಇಲ್ಲ ಸಾರ್."

"ನೀರು?"

"ಅದೂ ಇಲ್ಲ. ನನ್ನ ಕೈ ಹೇಳಿದ್ದೇ ನಿಜ. ಅಪ್ಪಟ ಬೊಜ್ಜು."

ಬೊಜ್ಜು ಎಂಬುದು ಇಷ್ಟು ಇಂಪಾದ ಶಬ್ದವೆಂದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರಮ್ಮ ದೊಡ್ಡಾಸ್ಪತ್ರೆಯ ಕಾಗದವನ್ನು ನಾಲ್ಕು ಚೂರು ಮಾಡಿದರು. ಮಗಳು ಚಪ್ಪಾಳೆ ಹೊಡೆದಳು. ಹೆಂಡತಿ ಅತ್ತುಬಿಟ್ಟರು, ಈ ಸಲ ಬೇರೆ ಅಳು. ಗುಮಾಸ್ತರು ನೆಲದ ಮೇಲೆ ಕೂತು ನಾಯಿಯ ಹೊಟ್ಟೆಗೆ ಮುಖ ಒತ್ತಿ, "ಬೊಜ್ಜು ಕಣೋ, ಬರೀ ಬೊಜ್ಜು" ಎಂದರು. ಮರ್ಯಾದೆ ಹೋಗಿತ್ತು. ಹೋಗುವಾಗ ಅಂಥ ಸದ್ದೇನೂ ಮಾಡಿರಲಿಲ್ಲ.

ಅಜ್ಜ ಪುಟ ತೆರೆದು, ಮುದ್ದು ಮಾಡುವವರ ಸಾಲಿನಲ್ಲಿದ್ದ ಗುಮಾಸ್ತರ 'ಅನ್ವಯಿಸುವುದಿಲ್ಲ' ಎಂಬುದನ್ನು ಹೊಡೆದು, ಅಲ್ಲಿ 'ತಂದೆ' ಎಂದು ಬರೆದರು. "ಈಗ ಸತ್ಯ ಹೇಳಿ. ಊಟ ಹಾಕೋರು ಯಾರ್ಯಾರು?"

"ಬೆಳಿಗ್ಗೆ ಎರಡೇ ಎರಡು ಬಿಸ್ಕತ್ತು" ಎಂದರು ಹೆಂಡತಿ. "ಒಂದೊಂದ್ಸಲ ನಾಲ್ಕು."

"ಸ್ಕೂಲ್ ಡಬ್ಬೀಲಿ ಉಳಿದಿದ್ದು" ಎಂದಳು ಮಗಳು. "ಉಳಿಸಿದ್ದು."

"ಹಾಲಿನ ಕೆನೆ" ಎಂದರು ಅತ್ತೆ.

"ದಿನಾ ಒಂದು ಮೊಟ್ಟೆ" ಎಂದ ಟೈಲರ್, ಯಾರೂ ಕೇಳದಿದ್ದರೂ. "ಕಾಂಪೌಂಡ್ ಮೇಲಿಂದ."

"ಅದರ ಮೇಲೆ ನಾನು ಅಳೆದು ಹಾಕೋದು ಇನ್ನೂರ ಎಂಬತ್ತು ಗ್ರಾಂ" ಎಂದರು ಗುಮಾಸ್ತರು, ನೆಲದಿಂದಲೇ.

ಡಾಕ್ಟರಮ್ಮ ಎಲ್ಲವನ್ನೂ ಕೂಡಿಸಿ, ಒಂದು ನಿಟ್ಟುಸಿರು ಬಿಟ್ಟು, ಚೀಟಿ ಬರೆದರು. ದಿನಕ್ಕೆ ಎರಡು ಸಲ ನಡಿಗೆ, ಊಟ ಹಾಕಲು ಒಬ್ಬರೇ, ಅದೂ ಅತ್ತೆ, ಆದರೆ ಅವರು ಇನ್ನು ತಕ್ಕಡಿಗೆ ಕೈಹಾಕುವಂತಿಲ್ಲ. "ಆರು ತಿಂಗಳಲ್ಲಿ ಐದು ಕಿಲೋ ಇಳೀಬೇಕು. ತಿಂಗಳಿಗೊಂದ್ಸಲ ಎಲ್ರೂ ಬನ್ನಿ."

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಟೈಲರ್ ಬೆರಳು ಮಡಿಸಿ ಏನೋ ಲೆಕ್ಕ ಹಾಕುತ್ತಿದ್ದ.

"ಸಾರ್, ಒಂದು ಅನುಮಾನ. ಆ ಮೇಣ ಇದ್ದಾಗ್ಲೇ ಅಲ್ವಾ ನೀವೂ ಹತ್ತುತ್ತಿದ್ದದ್ದು?"

ಗುಮಾಸ್ತರು ನಾಯಿಯ ಹೊಟ್ಟೆಯಿಂದ ಮುಖ ತೆಗೆದರು.

"ಎಪ್ಪತ್ತಾರು ಎಂಟುನೂರು ಇದ್ದೋರು ಎಪ್ಪತ್ತೊಂದು ಆದ್ರಿ. ಕಳೆದ್ರೆ ಐದು ಎಂಟುನೂರು." ಟೈಲರ್ ಜೇಬಿನಿಂದ ಟೇಪನ್ನು ಹೊರತೆಗೆದು, ಕಳೆದುಹೋಗಿದ್ದ ಮಗು ಸಿಕ್ಕಂತೆ ಅದನ್ನು ಎದೆಗೊತ್ತಿಕೊಂಡ. "ನಾನು ಹೇಳಿರ್ಲಿಲ್ವಾ ಸಾರ್? ಟೇಪು ಸುಳ್ಳು ಹೇಳಲ್ಲ ಅಂತ!"

ಕೋಣೆಯಲ್ಲಿದ್ದವರೆಲ್ಲ ಗುಮಾಸ್ತರ ಪ್ಯಾಂಟಿನ ಹೊಲಿಗೆಯ ಕಡೆ ನೋಡಿದರು. ನಿನ್ನೆ ಬಿಟ್ಟ ಹೊಲಿಗೆಗೆ ಚುಚ್ಚಿದ್ದ ಸೇಫ್ಟಿ ಪಿನ್ನು ತನ್ನಿಂದಾದಷ್ಟು ಕೆಲಸ ಮಾಡುತ್ತಿತ್ತು.

ಅಜ್ಜ ಪೆನ್ನಿನ ಮುಚ್ಚಳ ತೆಗೆದರು. "ಅದಕ್ಕೇನಂತೆ. ನಮ್ಮಲ್ಲಿ ಮನೆಗೊಂದೇ ಪುಟ. ನಾಯಿ ಇಳಿಸೋದಾದ್ರೆ ಜೊತೆಗೊಬ್ಬರು ಇಳಿದ್ರೆ ಅದಕ್ಕೂ ಹುರುಪು. ಬನ್ನಿ ಸಾರ್, ಹತ್ತಿ. ಇಲ್ಲೇ ಬರ್ಕೋತೀನಿ, ಚಟಾಕಿನ ಪಕ್ಕ."

"ಹತ್ತಿ ಅಪ್ಪ" ಎಂದಳು ಮಗಳು.

"ಹತ್ರೀ" ಎಂದರು ಹೆಂಡತಿ. "ಮೆಟ್ಟಿಲು ಹತ್ತೋರಿಗೆ ಇದೇನು ಎತ್ತರ?"

ಇನ್ಸ್‌ಪೆಕ್ಟರ್ ಸಾಹೇಬರು ಯಂತ್ರ ಸರಿಯಿದೆ ಎಂದು ಹಾಕಿದ್ದ ಹೊಸ ಮುದ್ರೆಯನ್ನು ಬಟ್ಟೆಯಿಂದ ಒರೆಸಿ ಹೊಳೆಯಿಸಿ, ಯಂತ್ರದ ಪಕ್ಕಕ್ಕೆ ಸರಿದು ಕೈಚಾಚಿದರು. "ಸೊನ್ನೆ ನೋಡಿದ್ದೇನೆ. ಇವತ್ತಿನ ದಿನ ಇದಕ್ಕಿಂತ ಸತ್ಯವಂತ ಯಂತ್ರ ಇನ್ನೊಂದಿಲ್ಲ. ಇಲಾಖೆಯೇ ಹೇಳ್ತಿದೆ, ಹತ್ತಿ."

ಯಾರೂ ತಳ್ಳದೆ, ಯಾರೂ ಎಳೆಯದೆ, ಚಟಾಕು ತಾನಾಗಿಯೇ ಎದ್ದು ಹೋಗಿ ನಾಲ್ಕೂ ಕಾಲುಗಳನ್ನು ಹಲಗೆಯ ಮೇಲಿಟ್ಟು ನಿಂತಿತು. ಮುಳ್ಳು ಅದೇ ಹತ್ತೊಂಬತ್ತು ಒಂಬೈನೂರನ್ನು ತೋರಿಸಿತು. ಆಮೇಲೆ ಅದು ಕೆಳಗಿಳಿದು, ಪಕ್ಕಕ್ಕೆ ಕೂತು, ಜಾಗ ಬಿಟ್ಟುಕೊಟ್ಟು, ಯಜಮಾನರ ಮುಖ ನೋಡಿತು.

ಗುಮಾಸ್ತರು ಎದ್ದರು. ಕನ್ನಡಕ ಸರಿ ಮಾಡಿಕೊಂಡರು. ನೋಟ್‌ಬುಕ್ಕನ್ನು ಕಂಕುಳಲ್ಲಿ ಭದ್ರವಾಗಿ ಇರುಕಿಕೊಂಡರು. ಹಲಗೆಯನ್ನು ನೋಡಿದರು, ಮುದ್ರೆಯನ್ನು ನೋಡಿದರು, ಟೇಪು ಹಿಡಿದು ನಿಂತಿದ್ದ ಟೈಲರನನ್ನು ನೋಡಿದರು.

"ನಾನು ಹತ್ತಲ್ಲ" ಎಂದರು.